ಕಿಡ್ನಿಯ ನೆತ್ತಿಯ ಮೇಲಿನ ಗ್ರಂಥಿ ಮತ್ತು ಡಾಕ್ಟರ್ ಅಡಿಸನ್

ಹೋದ ಮಳೆಗಾಲದಲ್ಲಿ ಇಲ್ಲಿ ಪುಣೆಯಲ್ಲಿ ನನ್ನ ರೂಮ್‌ಮೇಟ್‌ನನ್ನು ಜ್ವರವೆಂದು ಆಸ್ಪತ್ರೆಗೆ ಸೇರಿಸಿದೆ. ಬೆಳಗಾಗುವಷ್ಟರಲ್ಲಿ ಅವನು ಐಸಿಯುನಲ್ಲಿದ್ದ. ಸೋಂಕು ರಕ್ತಕ್ಕೆ ಏರಿತ್ತು. ಸಲೈನ್ ಎಷ್ಟು ಕೊಟ್ಟರೂ ಬಿಪಿ ಏಳುತ್ತಿರಲಿಲ್ಲ. ಎರಡೂ ಅಡ್ರಿನಲ್ ಗ್ರಂಥಿಗಳಲ್ಲಿ ರಕ್ತಸ್ರಾವವಾಗಿದೆ, ಹೈಡ್ರೋಕಾರ್ಟಿಸೋನ್ ಶುರು ಮಾಡಿದ್ದೇವೆ ಎಂದರು ಡಾಕ್ಟರು. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ ಬಂದಿದ್ದ ಅವನ ಅಮ್ಮ, ಹಾಗಂದರೇನಪ್ಪಾ ಎಂದು ನನ್ನನ್ನು ಕೇಳಿದರು. ನನ್ನ ಎಂಟೆಕ್ ಅಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಸಿಕ್ಕಿದವರು ಥಾಮಸ್ ಅಡಿಸನ್. ಬಲ್ಬಿನ ಎಡಿಸನ್ ಅಲ್ಲ, ಅವರಿಗಿಂತ ಹಿಂದಿನವರು.

ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪದ ಲಾಂಗ್ ಬೆಂಟನ್ ಎಂಬ ಹಳ್ಳಿಯಲ್ಲಿ, 1790ರ ದಶಕದಲ್ಲಿ ಹುಟ್ಟಿದವರು. ತಂದೆಯದು ದಿನಸಿ, ಹಿಟ್ಟಿನ ವ್ಯಾಪಾರ. ಮಗ ವಕೀಲನಾಗಲಿ ಎಂಬುದು ತಂದೆಯ ಆಸೆ. ಮಗ ಎಡಿನ್‌ಬರೋಗೆ ಹೋಗಿ 1815ರಲ್ಲಿ ಎಂಡಿ ಮುಗಿಸಿದರು. ನನಗೆ ಬಹಳ ಹಿಡಿಸಿದ್ದು ಮುಂದಿನ ಸಂಗತಿ. 1817ರಲ್ಲಿ ಅವರು ಲಂಡನ್ನಿನ ಗೈಸ್ ಆಸ್ಪತ್ರೆಗೆ ಫೀಸು ಕಟ್ಟಿ ಮತ್ತೆ ವಿದ್ಯಾರ್ಥಿಯಾಗಿ ಸೇರಿದರು. ಡಾಕ್ಟರ್ ಆಗಿದ್ದವರು ಪುನಃ ಬೆಂಚಿನಲ್ಲಿ ಕೂತರು. 1824ರಲ್ಲಿ ಅಲ್ಲೇ ಸಹಾಯಕ ವೈದ್ಯರಾದರು, 1837ರಲ್ಲಿ ಪೂರ್ಣ ಪ್ರಮಾಣದ ವೈದ್ಯರಾದರು.

ಅದೇ ಆಸ್ಪತ್ರೆಯಲ್ಲಿ ಕಿಡ್ನಿ ಕಾಯಿಲೆಗೆ ಹೆಸರಾದ ರಿಚರ್ಡ್ ಬ್ರೈಟ್ ಇದ್ದರು. ಹೆಸರು, ಹಣ, ಶ್ರೀಮಂತ ರೋಗಿಗಳು ಅವರ ಕಡೆಗೆ ಹೋದವು. ಅಡಿಸನ್ ಅವರಿಗೆ ರೋಗದ ಮೂಲ ಪತ್ತೆ ಹಚ್ಚುವುದರಲ್ಲೇ ಆಸಕ್ತಿ. ಹೊರಗಿನವರಿಗೆ ಗರ್ವಿಷ್ಠರಂತೆ ಕಾಣುತ್ತಿದ್ದರೂ ಒಳಗೆ ಬಹಳ ಸಂಕೋಚದ ಮನುಷ್ಯ. ಪಾಠ ಕೇಳಿದ ವಿದ್ಯಾರ್ಥಿಗಳಿಗೆ ಮಾತ್ರ ಅವರ ಮೇಲೆ ಅಪಾರ ಗೌರವ.

ಕಾರಣವಿಲ್ಲದೆ ರಕ್ತಹೀನರಾಗಿ ಸೊರಗಿ ಸಾಯುವ ರೋಗಿಗಳ ಒಗಟಿನ ಹಿಂದೆ ಬಿದ್ದಿದ್ದಾಗ ಅವರ ಕಣ್ಣು ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಕೂತ ಪುಟ್ಟ ಗ್ರಂಥಿಯ ಮೇಲೆ ಬಿತ್ತು. ಒಂದೊಂದೂ ನಾಲ್ಕೈದು ಗ್ರಾಂ ತೂಗುವ ಆ ಗ್ರಂಥಿಗಳಿಗೆ ಏನು ಕೆಲಸವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1855ರಲ್ಲಿ 11 ರೋಗಿಗಳ ವಿವರಗಳಿದ್ದ ಸಣ್ಣ ಪುಸ್ತಕ ಹೊರತಂದರು. ಸುಸ್ತು, ಕ್ಷೀಣ ನಾಡಿ, ಹೊಟ್ಟೆ ತೊಳಸುವುದು, ಚರ್ಮ ಕಪ್ಪಾಗುವುದು. ಸತ್ತ ಮೇಲೆ ನೋಡಿದರೆ ಗ್ರಂಥಿಗಳು ಹಾಳಾಗಿರುವುದು. ಹಲವರಲ್ಲಿ ಕ್ಷಯ ಅವನ್ನು ತಿಂದು ಹಾಕಿತ್ತು. ಮರುವರ್ಷವೇ ಫ್ರಾನ್ಸಿನಲ್ಲಿ ಬ್ರೌನ್ ಸೆಕಾರ್ ಪ್ರಾಣಿಗಳ ಅಡ್ರಿನಲ್ ತೆಗೆದು ನೋಡಿದರು, ಅವು ಬದುಕಲಿಲ್ಲ. ಅಡಿಸನ್ಸ್ ಕಾಯಿಲೆ ಎಂಬ ಹೆಸರು ಕೊಟ್ಟವರೂ ಫ್ರಾನ್ಸಿನವರೇ, ಟ್ರೂಸೋ ಎಂಬ ವೈದ್ಯರು. ಸ್ವದೇಶದಲ್ಲಿ ಎಲ್ಲರೂ ಅಷ್ಟು ಬೇಗ ಒಪ್ಪಲಿಲ್ಲ.

ಅಡಿಸನ್ ವಿವರಿಸಿದ್ದು ತಿಂಗಳುಗಟ್ಟಲೆ ನಡೆಯುವ ನಾಶ. ಅದೇ ನಾಶ ಕೆಲವೇ ಗಂಟೆಗಳಲ್ಲಿ ನಡೆಯಬಹುದು. 1911ರಲ್ಲಿ ಬಾತ್ ನಗರದ ರೂಪರ್ಟ್ ವಾಟರ್‌ಹೌಸ್, 1918ರಲ್ಲಿ ಡೆನ್ಮಾರ್ಕಿನ ಕಾರ್ಲ್ ಫ್ರಿಡರಿಕ್ಸನ್ ಇದನ್ನು ಬರೆದಿಟ್ಟರು. ಮೆನಿಂಜೊಕಾಕಸ್‌ನಂಥ ಬ್ಯಾಕ್ಟೀರಿಯಾ ರಕ್ತದಲ್ಲಿ ಹಬ್ಬಿದಾಗ ಈ ಗ್ರಂಥಿಗೆ ಹಲವು ಅಪಧಮನಿಗಳಿಂದ ರಕ್ತ ನುಗ್ಗುತ್ತದೆ. ಹೊರಹೋಗಲು ಇರುವುದು ಮುಖ್ಯವಾಗಿ ಒಂದೇ ಅಭಿಧಮನಿ. ಅಲ್ಲಿ ಹೆಪ್ಪು ಕಟ್ಟಿದರೆ ಗ್ರಂಥಿಯೊಳಗೇ ರಕ್ತ ಒಡೆಯುತ್ತದೆ. ಬಿಪಿ ಹಿಡಿದಿಡುವ ಕಾರ್ಟಿಸೋಲ್ ನಿಂತುಹೋಗುತ್ತದೆ. ಆಗ ಆಂಟಿಬಯಾಟಿಕ್ ಜೊತೆಗೆ ಆ ಹಾರ್ಮೋನನ್ನೂ ಹೊರಗಿನಿಂದ ಕೊಡಬೇಕು.

ಈ ಔಷಧ ನೋಡಲು ಅಡಿಸನ್ ಇರಲಿಲ್ಲ. ಅವರನ್ನು ಮೊದಲಿನಿಂದಲೂ ಖಿನ್ನತೆ ಕಾಡುತ್ತಿತ್ತು. 1860ರ ಆರಂಭದಲ್ಲಿ ಗೈಸ್ ಬಿಟ್ಟು, ವಿಶ್ರಾಂತಿಗೆಂದು ಬ್ರೈಟನ್‌ಗೆ ಹೋದರು. ಅದೇ ಜೂನ್ 29ರಂದು ತಾವೇ ಜೀವ ಕಳೆದುಕೊಂಡರು. ಇನ್ನೊಬ್ಬರ ದೇಹದಲ್ಲಿ ಅಡಗಿದ್ದನ್ನು ಕಂಡುಹಿಡಿದವರ ಮನಸ್ಸಿನ ನೋವಿಗೆ ಆ ಕಾಲದಲ್ಲಿ ಮದ್ದಿರಲಿಲ್ಲ. ಉತ್ತರ ಇಂಗ್ಲೆಂಡಿನ ಲ್ಯಾನರ್‌ಕಾಸ್ಟ್‌ನಲ್ಲಿ ಅವರ ಸಮಾಧಿಯಿದೆ. ಅಡ್ರಿನಲ್ ಹಾರ್ಮೋನುಗಳ ಸಂಶೋಧನೆಗೆ 1950ರಲ್ಲಿ ನೊಬೆಲ್ ಬಂತು. ಅಡಿಸನ್ಸ್ ಕಾಯಿಲೆಯಿದ್ದ ಜಾನ್ ಕೆನಡಿ ಆ ಔಷಧದ ಬಲದಿಂದಲೇ ಅಮೆರಿಕದ ಅಧ್ಯಕ್ಷಗಿರಿ ನಡೆಸಿದರು.

ಊರು ಬಿಟ್ಟು ಒಂಟಿಯಾಗಿರುವ ನಾವು ಜ್ವರಕ್ಕೆ ಡೋಲೋ ನುಂಗಿ ಮಲಗುವವರು. ಜ್ವರದ ಜೊತೆ ನೇರಳೆ ಕಲೆಗಳೆದ್ದು, ಗಾಜಿನ ಲೋಟ ಒತ್ತಿದರೂ ಮಾಯವಾಗದಿದ್ದರೆ, ಕೈಕಾಲು ತಣ್ಣಗಾಗಿ ಮಾತು ತಡವರಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಪಕ್ಕದ ರೂಮಿನವರನ್ನು ಎಬ್ಬಿಸಿ, ಆಸ್ಪತ್ರೆಗೆ ಹೊರಡಿ. ಮನಸ್ಸು ಭಾರವಾದ ದಿನವೂ ಅದೇ ಬಾಗಿಲು ತಟ್ಟಿ.

ನನ್ನ ಗೆಳೆಯ ಈಗ ಆಫೀಸಿಗೆ ಹೋಗುತ್ತಿದ್ದಾನೆ. ದಿನಾ ಮಾತ್ರೆ ನುಂಗಬೇಕು, ಸ್ಟಿರಾಯ್ಡ್ ಬೇಕೆಂದು ಬರೆದ ಚೀಟಿ ಪರ್ಸಿನಲ್ಲಿರಬೇಕು. ಅವನ ಅಮ್ಮ ಫೋನ್ ಮಾಡಿದಾಗ ಊಟ ಆಯ್ತಾ ಎನ್ನುವ ಮೊದಲು ಮಾತ್ರೆ ಆಯ್ತಾ ಎಂದು ಕೇಳುತ್ತಾರೆ. ಅವತ್ತು ಉತ್ತರಿಸಲಾಗದ ಪ್ರಶ್ನೆಗೆ ಮೊನ್ನೆ ಅವರ ಮನೆಗೆ ಹೋದಾಗ ಅಡಿಸನ್ ಅವರ ಕತೆ ಹೇಳಿದೆ. ಪೂರ್ತಿ ಕೇಳಿದ ಅವರು, ಪಾಪ, ಆ ಡಾಕ್ಟರಿಗೆ ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದರು. ಹೆಂಡತಿ ಇದ್ದರು ಎಂದೆ. ಅವರು ಮತ್ತೇನೂ ಕೇಳಲಿಲ್ಲ.