ಚಳಿಗಾಲದ ಅತಿಥಿಗಳಿಗೆ ಉಂಗುರ ತೊಡಿಸಿದ ಸಲೀಂ ಅಲಿ

1938ರ ನವೆಂಬರ್ 12. ಇಂದಿನ ರಾಜಸ್ಥಾನದಲ್ಲಿರುವ ಭರತಪುರದ ಜೌಗು ಪ್ರದೇಶದಲ್ಲಿ ಅಂದು ಮಹಾರಾಜರ ಅತಿಥಿಯಾಗಿದ್ದವರು ವೈಸರಾಯ್ ಲಾರ್ಡ್ ಲಿನ್‌ಲಿತ್‌ಗೋ. ದಿನದ ಬೇಟೆ ಮುಗಿದಾಗ ಲೆಕ್ಕಕ್ಕೆ ಸಿಕ್ಕ ಸತ್ತ ಹಕ್ಕಿಗಳು 4,273. ಚಳಿಗಾಲ ಕಳೆಯಲೆಂದು ಹಿಮಾಲಯ ದಾಟಿ ಬಂದಿದ್ದ ಬಾತುಗಳೇ ಅವುಗಳಲ್ಲಿ ಹೆಚ್ಚು. ಯಾವ ವರ್ಷ, ಯಾವ ಅತಿಥಿ, ಎಷ್ಟು ಹಕ್ಕಿ ಎಂಬ ಬೇಟೆಯ ಲೆಕ್ಕವನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿಡಲಾಗಿದೆ.

ಅದೇ ದಿನ ಮುಂಬೈಯ ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ ಎಂಬುವರಿಗೆ 42 ವರ್ಷ ತುಂಬಿತ್ತು. ಖಾಯಂ ನೌಕರಿಯಿರಲಿಲ್ಲ. ಒಂದೊಂದೇ ಸಂಸ್ಥಾನದ ನೆರವು ಪಡೆದು ಅಲ್ಲಿನ ಹಕ್ಕಿಗಳ ಸಮೀಕ್ಷೆ ಮಾಡುತ್ತಾ ಊರೂರು ಅಲೆಯುತ್ತಿದ್ದರು. ಆ ಬೇಟೆಯ ಮೈದಾನವನ್ನು ಪಕ್ಷಿಗಳ ಆಶ್ರಯತಾಣವಾಗಿ ಉಳಿಸುವಲ್ಲಿ ಮುಂದೆ ಇದೇ ವ್ಯಕ್ತಿಯ ಪಾತ್ರ ದೊಡ್ಡದಾಗಲಿದೆ ಎಂದು ಅಂದು ಯಾರೂ ಊಹಿಸಿರಲಾರರು.

1896ರಲ್ಲಿ ಜನಿಸಿದ ಸಲೀಂ ಅಲಿ ಮನೆಯ ಕೊನೆಯ ಮಗು. ತಿಳಿವಳಿಕೆ ಬರುವ ಮುನ್ನವೇ ತಂದೆತಾಯಿ ಇಬ್ಬರೂ ತೀರಿಕೊಂಡರು. ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ. ಮಾವ ಬೇಟೆಪ್ರಿಯರು, ಹುಡುಗನ ಕೈಯಲ್ಲೂ ಏರ್‌ಗನ್. ಒಂದು ದಿನ ಹೊಡೆದು ಕೆಡವಿದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡಿತು. ಅದು ಯಾವ ಹಕ್ಕಿಯೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ಹುಡುಗನಿಗೆ ಅಲ್ಲಿನ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್, ಸಂಸ್ಥೆಯ ಬಳಿಯಿದ್ದ ಹಕ್ಕಿಗಳ ಸಂಗ್ರಹವನ್ನೇ ತೆರೆದು ತೋರಿಸಿದರು. ಈ ಕಥೆ ಶಾಲಾ ಪಠ್ಯಗಳ ಮೂಲಕ ಬಹುತೇಕರಿಗೆ ಪರಿಚಿತ. ಆತ್ಮಕಥೆಯ ಹೆಸರಿನಲ್ಲೂ ಆ ಗುಬ್ಬಚ್ಚಿಯೇ ಇದೆ.

ಆದರೆ ಬದುಕು ಅಲ್ಲಿಂದ ನೇರ ಹಾದಿಯಲ್ಲಿ ಸಾಗಲಿಲ್ಲ. ಬರ್ಮಾದಲ್ಲಿ ಅಣ್ಣನ ಗಣಿ ಮತ್ತು ಮರದ ವ್ಯಾಪಾರಕ್ಕೆ ಕೈಜೋಡಿಸಿದರು, ಅದು ಕೈಹಿಡಿಯಲಿಲ್ಲ. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕನ ಕೆಲಸ ಸಿಕ್ಕಿತು. ಬರ್ಲಿನ್‌ಗೆ ತೆರಳಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಹಿಂದಿರುಗಿದರೆ ಆ ಹುದ್ದೆಯೇ ಇರಲಿಲ್ಲ, ಹಣವಿಲ್ಲವೆಂದು ರದ್ದಾಗಿತ್ತು. ಪತ್ನಿ ತೆಹಮಿನಾ ಜೊತೆ ಸಮುದ್ರತೀರದ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿ, ಅಲ್ಲಿ ಗೀಜಗ ಹಕ್ಕಿಯ ಗೂಡು ಕಟ್ಟುವ ರೀತಿ, ಸಂಸಾರ ನಡೆಸುವ ರೀತಿಯನ್ನು ದಿನಗಟ್ಟಲೆ ಕುಳಿತು ನೋಡಿದರು. ಹೆಸರು ತಂದುಕೊಟ್ಟದ್ದು ಆ ನಿರುದ್ಯೋಗದ ದಿನಗಳ ಅಧ್ಯಯನವೇ.

1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಕಾಡುಮೇಡುಗಳಲ್ಲಿ ಜೊತೆಯಾಗಿದ್ದವರು ಅವರು. ಆ ದುಃಖದ ಬೆನ್ನಲ್ಲೇ ಸಲೀಂ ಅಲಿ ಬಂದದ್ದು ನಮ್ಮ ಮೈಸೂರು ಸಂಸ್ಥಾನಕ್ಕೆ. 1939–40ರ ಸಮೀಕ್ಷೆಯ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮಹಾರಾಜರ ಸರ್ಕಾರದ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ, ಬೈನಾಕ್ಯುಲರ್ ಹಿಡಿದ ಹಲವು ತಲೆಮಾರುಗಳಿಗೆ ಮೊದಲ ಪಾಠವಾಯಿತು.

ರಂಗನತಿಟ್ಟಿನ ಕಥೆ ನಮಗೆಲ್ಲ ಗೊತ್ತು. ಕರ್ನಾಟಕಕ್ಕೆ ಅವರೊಂದಿಗಿದ್ದ ಇನ್ನೊಂದು ನಂಟು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದು ಮಂಗನ ಕಾಯಿಲೆಯ ನಂಟು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಳ್ಳಿಗರು ಜ್ವರದಿಂದ ಮಲಗಿದರು. ಉಣುಗುಗಳಿಂದ ಹರಡುವ ಹೊಸ ವೈರಾಣು ಪತ್ತೆಯಾಯಿತು. ಅದು ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದಲೇ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿ ಎಂಬುದು ವಿಜ್ಞಾನಿಗಳನ್ನು ಬೆಚ್ಚಿಬೀಳಿಸಿತು. ಅಷ್ಟು ದೂರದಿಂದ ಮಲೆನಾಡಿಗೆ ಇದನ್ನು ತಂದವರು ಯಾರು? ಅನುಮಾನದ ಬೆರಳು ಚಳಿಗಾಲದಲ್ಲಿ ಉತ್ತರದಿಂದ ಬರುವ ಹಕ್ಕಿಗಳತ್ತ ತಿರುಗಿತು. ಅವುಗಳ ಮೈಮೇಲಿನ ಉಣುಗುಗಳೇ ರೋಗವನ್ನು ಹೊತ್ತು ತಂದಿರಬಹುದೇ ಎಂಬುದು ಪ್ರಶ್ನೆ.

ಹಕ್ಕಿಗಳು ಎಲ್ಲಿಂದ ಬರುತ್ತವೆ, ಯಾವ ಹಾದಿಯಲ್ಲಿ ಬರುತ್ತವೆ ಎಂಬುದೇ ಖಚಿತವಿಲ್ಲದಾಗ ಉತ್ತರ ಹುಡುಕುವುದು ಹೇಗೆ? ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುವ ಕನಸನ್ನು ಬಹುಕಾಲದಿಂದ ಹೊತ್ತಿದ್ದ ಸಲೀಂ ಅಲಿ ಈ ಅವಕಾಶ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿಯ ದೊಡ್ಡ ಯೋಜನೆ ಆರಂಭವಾಯಿತು. ಬಲೆ ಹಾಕಿದವರು ತಲೆತಲಾಂತರದಿಂದ ಹಕ್ಕಿ ಹಿಡಿದು ಬದುಕುತ್ತಿದ್ದ ಬಿಹಾರದ ಮಿರ್‌ಶಿಕಾರ್ ಸಮುದಾಯದವರು. ಹಿಡಿದ ಹಕ್ಕಿಯನ್ನು ತೂಗಿ, ಅಳೆದು, ಸಂಖ್ಯೆಯುಳ್ಳ ಹಗುರ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಹಾರಿಬಿಡುವುದು ಕ್ರಮ. ಸಿಕ್ಕವರು ಸೊಸೈಟಿಗೆ ತಿಳಿಸಬೇಕೆಂಬ ಸೂಚನೆ ಉಂಗುರದ ಮೇಲಿರುತ್ತಿತ್ತು. ಭರತಪುರ, ತಮಿಳುನಾಡಿನ ಕೋಡಿಕ್ಕರೈ ಮುಂತಾದೆಡೆ ಉಂಗುರ ತೊಟ್ಟ ಹಕ್ಕಿಗಳ ಸುದ್ದಿ ಸಾವಿರಾರು ಕಿ.ಮೀ. ದೂರದ ಸೋವಿಯತ್ ನಾಡಿನಿಂದ ಮುಂಬೈಗೆ ಬರತೊಡಗಿತು. ವಿದೇಶಿ ಹಣದ ಬಗ್ಗೆ ರಾಜಕೀಯ ಆಕ್ಷೇಪಗಳೂ ಎದ್ದವು. ಕೊನೆಗೂ ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವೆಂಬುದು ಸಾಬೀತಾಗಲಿಲ್ಲ. ಆರೋಪಿಗಳು ಬಿಡುಗಡೆಯಾದರು, ವಿಚಾರಣೆಯ ನೆಪದಲ್ಲಿ ಅವರ ವಿಳಾಸವೂ ಸಿಕ್ಕಿತು ಎನ್ನೋಣ!

ಅಂದಹಾಗೆ, ಸಲೀಂ ಅಲಿ ಸಂತರಂತಿರಲಿಲ್ಲ. ಮೋಟಾರ್ ಸೈಕಲ್ ಹುಚ್ಚು ವಿಪರೀತ. 1950ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನ ಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಬೈಕನ್ನೂ ಯೂರೋಪಿಗೆ ಒಯ್ದು ಅದನ್ನೇರಿ ಹೋಗಿದ್ದರು. ಅಧ್ಯಯನಕ್ಕೆ ಅಗತ್ಯವೆಂದರೆ ಹಕ್ಕಿಯನ್ನು ಹೊಡೆಯಲು ಹಿಂಜರಿದವರೂ ಅಲ್ಲ.

ಭರತಪುರದ ವಿಷಯಕ್ಕೆ ಮರಳಿದರೆ, ಸ್ವಾತಂತ್ರ್ಯಾನಂತರ ಆ ಜೌಗನ್ನು ಬತ್ತಿಸಿ ಹೊಲ ಮಾಡಬೇಕೆಂಬ ಬೇಡಿಕೆ ಬಲವಾಗಿತ್ತು. ಸಲೀಂ ಅಲಿ ವಿಷಯವನ್ನು ಪ್ರಧಾನಿ ನೆಹರೂ ಅವರ ಗಮನಕ್ಕೆ ತಂದು ತಡೆದರು. 1982ರಲ್ಲಿ ಅದು ಕೇವಲಾದೇವ್ ರಾಷ್ಟ್ರೀಯ ಉದ್ಯಾನವಾಯಿತು. ಆದರೆ ಅದೇ ವರ್ಷ ಜಾನುವಾರು ಮೇಯಿಸುವುದನ್ನು ನಿಷೇಧಿಸಿದಾಗ ಸುತ್ತಲ ಹಳ್ಳಿಗರು ಸಿಡಿದೆದ್ದರು, ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ನಿಷೇಧಕ್ಕೆ ಸಲೀಂ ಅಲಿ ಅವರ ಬೆಂಬಲವಿತ್ತು. ಆಮೇಲೆ ನಡೆದದ್ದು ಯಾರೂ ನಿರೀಕ್ಷಿಸದ್ದು. ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ಬಾತುಗಳಿಗೆ ಈಜುವ ಜಾಗ ಕಡಿಮೆಯಾಯಿತು. ಎಮ್ಮೆ ಮೇಯುವುದರಿಂದ ಜೌಗಿಗೆ ಒಳಿತೇ ಆಗುತ್ತಿತ್ತೆಂದು ಹೇಳಿದ್ದು ಅವರದೇ ಸೊಸೈಟಿಯ ದೀರ್ಘ ಅಧ್ಯಯನ. ದೇಶದ ಅತಿ ದೊಡ್ಡ ಪಕ್ಷಿತಜ್ಞರ ಅಂದಾಜು ತಪ್ಪಿತ್ತು, ಅದರ ಬೆಲೆ ತೆತ್ತವರು ಹಳ್ಳಿಗರು. ಅವರ ಬಗೆಗಿನ ಅಭಿಮಾನದ ಬರಹಗಳಲ್ಲಿ ಈ ಅಧ್ಯಾಯ ಕೈಬಿಟ್ಟುಹೋಗುವುದು ಸರಿಯಲ್ಲ.

1976ರಲ್ಲಿ ಪದ್ಮವಿಭೂಷಣ, ಅದೇ ವರ್ಷ ಬಂದ ಗೆಟ್ಟಿ ಪ್ರಶಸ್ತಿಯ 50,000 ಡಾಲರ್ ಪ್ರಕೃತಿ ಸಂರಕ್ಷಣೆಯ ನಿಧಿಗೆ, 1985ರಲ್ಲಿ ರಾಜ್ಯಸಭಾ ಸದಸ್ಯತ್ವ. 1987ರ ಜೂನ್ 20ರಂದು 90ನೇ ವಯಸ್ಸಿನಲ್ಲಿ ನಿಧನರಾದರು. ಭರತಪುರದ ಅತಿ ಅಪರೂಪದ ಅತಿಥಿಯಾಗಿದ್ದ ಸೈಬೀರಿಯಾದ ಬಿಳಿ ಕ್ರೌಂಚಗಳು ಅಷ್ಟರಲ್ಲೇ ಕ್ಷೀಣಿಸಿದ್ದವು. 1964–65ರ ಚಳಿಗಾಲದಲ್ಲಿ ಸುಮಾರು 200 ಇದ್ದ ಹಕ್ಕಿಗಳು, ಬರುವ ಹಾದಿಯ ಬೇಟೆಗೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಕರಗಿದವು. 2001–02ರ ಚಳಿಗಾಲದಲ್ಲಿ ಕಂಡ ಒಂದು ಜೋಡಿಯೇ ಕೊನೆ. ಆ ಕ್ರೌಂಚವನ್ನು ನೋಡಲು ಇನ್ನು ಭರತಪುರಕ್ಕೆ ಹೋಗಿ ಫಲವಿಲ್ಲ.

ಬಾತುಗಳನ್ನು ನೋಡಲು ಮಾತ್ರ ಖಂಡಿತ ಹೋಗಬಹುದು, ನವೆಂಬರ್‌ನಿಂದ ಫೆಬ್ರುವರಿಯವರೆಗೆ ಸಕಾಲ. ಅಷ್ಟು ದೂರ ಬೇಡವೆನ್ನುವವರಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ, ಮೈಸೂರು ಜಿಲ್ಲೆ ನಂಜನಗೂಡು ತಾಲೂಕಿನ ಹದಿನಾರು ಕೆರೆ ಇವೆ. ಬಾರ್ ಹೆಡೆಡ್ ಗೂಸ್ ಎಂದು ಹೆಸರಾದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಮೇಲಿಂದ ಹಾರಿ ಇಲ್ಲಿಗೆ ಬರುತ್ತವೆ. ಹಗಲು ನೀರಿನಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲ ಹೊಲಗಳಿಗೆ ಮೇಯಲು ಹೊರಡುವುದು ಅವುಗಳ ವಾಡಿಕೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡದ್ದುಂಟು. ಸಲೀಂ ಅಲಿ ಕಾಲದ ಉಂಗುರವನ್ನು ಓದಲು ಹಕ್ಕಿ ಮತ್ತೆ ಸೆರೆಸಿಗಬೇಕಿತ್ತು ಇಲ್ಲವೇ ಸಾಯಬೇಕಿತ್ತು, ಕೊರಳಪಟ್ಟಿಯನ್ನು ದಡದಿಂದಲೇ ಬೈನಾಕ್ಯುಲರ್‌ನಲ್ಲಿ ಓದಬಹುದು. ಅಂಥ ಹಕ್ಕಿ ಕಣ್ಣಿಗೆ ಬಿದ್ದರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿ, ದಿನಾಂಕ ಮತ್ತು ಕೆರೆಯ ಹೆಸರನ್ನು ಬರೆದಿಟ್ಟುಕೊಂಡು ಮುಂಬೈಯ ಸೊಸೈಟಿಗೆ ತಿಳಿಸಿ.