ಫ್ಲಾರೆನ್ಸ್ ನೈಟಿಂಗೇಲ್: ಪರದೇಶದಲ್ಲಿ ಆಕೆಯ ದಿನಚರ್ಯೆ

ನಮ್ಮ ಶಾಲೆಯಲ್ಲಿ ಕಲಿತು, ದಾದಿಯರಾಗಿ ದೂರದೇಶಗಳ ಆಸ್ಪತ್ರೆಗಳಿಗೆ ಹೋಗಿರುವ ಹೆಣ್ಣುಮಕ್ಕಳಿಂದ ನಮಗೆ ಆಗಾಗ ಪತ್ರಗಳು ಬರುವುದುಂಟು. ಮೊದಲನೆಯ ತಿಂಗಳಿನ ಪತ್ರಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ಕೊಠಡಿಯು ಇಕ್ಕಟ್ಟು, ಅಲ್ಲಿಯ ಊಟವು ನಾಲಗೆಗೆ ಹತ್ತದು, ಚಳಿಯು ತಡೆಯಲಾರದು, ಮೇಲಿನವರು ಇನ್ನೂ ನಂಬಿ ಕೆಲಸವನ್ನು ಒಪ್ಪಿಸುತ್ತಿಲ್ಲ ಎಂಬಿವೇ ಅವುಗಳಲ್ಲಿಯ ಸಮಾಚಾರಗಳು. ಮಹತ್ತಾದ ಸೇವೆಯನ್ನು ಮಾಡಬೇಕೆಂದು ಬಂದವರು ಗುಡಿಸುತ್ತಲೂ ಕಾಯುತ್ತಲೂ ಇದ್ದೇವಲ್ಲಾ ಎಂಬ ನಿರಾಶೆಯು ಆ ಸಾಲುಗಳ ನಡುವೆ ಅಡಗಿರುತ್ತದೆ. ಅಂತಹ ಪತ್ರಗಳನ್ನು ಓದಿದಾಗಲೆಲ್ಲ ನಮಗೆ ಫ್ಲಾರೆನ್ಸ್ ನೈಟಿಂಗೇಲಳ ನೆನಪಾಗುತ್ತದೆ. ಕೈಯಲ್ಲಿ ದೀಪವನ್ನು ಹಿಡಿದ ಆಕೆಯ ಚಿತ್ರವನ್ನು ನೋಡದವರಿಲ್ಲ. ಆದರೆ ಆ ದೀಪವನ್ನು ಹಿಡಿಯುವುದಕ್ಕೆ ಮೊದಲು ಆಕೆಯು ಏನೇನನ್ನು ಹಿಡಿಯಬೇಕಾಯಿತೆಂಬುದನ್ನು ತಿಳಿದವರು ಕೆಲವರೇ. ಆದಕಾರಣ ಆಕೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯಲು ಮನಸ್ಸು ಮಾಡಿದ್ದೇವೆ.

ಫ್ಲಾರೆನ್ಸಳು 1820ನೇ ಇಸವಿಯ ಮೇ ತಿಂಗಳ 12ನೇ ತಾರೀಖಿನಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಜನಿಸಿದಳು. ಆ ಊರಿನ ಹೆಸರನ್ನೇ ಆಕೆಗೆ ಇಟ್ಟರು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತರು. ಡರ್ಬಿಷೈರಿನಲ್ಲಿ ಒಂದು ಬಂಗಲೆ, ಹ್ಯಾಂಪ್‌ಷೈರಿನಲ್ಲಿ ಇನ್ನೊಂದು, ಮನೆ ತುಂಬ ಆಳುಕಾಳುಗಳು, ಯಾವುದಕ್ಕೂ ಕೊರತೆಯಿರಲಿಲ್ಲ. ತಂದೆಯು ವಿದ್ಯಾವಂತನಾಗಿದ್ದು, ಗ್ರೀಕ್, ಲ್ಯಾಟಿನ್, ಚರಿತ್ರೆ, ಗಣಿತ ಮುಂತಾದವುಗಳನ್ನು ಇಬ್ಬರು ಹೆಣ್ಣುಮಕ್ಕಳಿಗೂ ತಾನೇ ಕಲಿಸಿದನು. ಫ್ಲಾರೆನ್ಸಳಿಗೆ ಅಂಕಿಗಳ ಮೇಲೆ ಬಹಳ ಪ್ರೀತಿ. ಆ ಪ್ರೀತಿಯು ಮುಂದೆ ಎಷ್ಟು ಪ್ರಯೋಜನಕ್ಕೆ ಬಂದಿತೆಂಬುದನ್ನು ವಾಚಕರು ಈ ಲೇಖನದ ಕಡೆಯಲ್ಲಿ ಕಾಣುವರು.

ಹದಿನಾರು ವರ್ಷದವಳಾಗಿದ್ದಾಗ, 1837ನೇ ಇಸವಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ದೃಢವಾಯಿತು. ಯಾವ ಸೇವೆಗೆಂಬುದು ಮಾತ್ರ ಆಗ ತಿಳಿಯಲಿಲ್ಲ. ರೋಗಿಗಳ ಶುಶ್ರೂಷೆಯೇ ತನ್ನ ಕೆಲಸವೆಂದು ಕ್ರಮೇಣ ಗೊತ್ತುಮಾಡಿಕೊಂಡು, 1845ರಲ್ಲಿ ಸಾಲಿಸ್‌ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದು ಕಲಿಯುವುದಕ್ಕೆ ಅಪ್ಪಣೆಯನ್ನು ಕೇಳಿದಳು. ಮನೆಯವರು ಹೌಹಾರಿದರು. ಆ ಕಾಲದ ಆಸ್ಪತ್ರೆಗಳು ಹೊಲಸಿನ ಗೂಡುಗಳು. ದಾದಿಯರಲ್ಲಿ ಅನೇಕರು ಕುಡಿತಕ್ಕೆ ಹೆಸರಾದವರು. ಮಾನವಂತರ ಮನೆಯ ಮಗಳು ಅಲ್ಲಿಗೆ ಕಾಲಿಡುವುದೆಂದರೇನು? ತಾಯಿಯ ಭಯವು ಆಧಾರವಿಲ್ಲದ್ದಾಗಿರಲಿಲ್ಲವೆಂದು ನಾವು ಒಪ್ಪಬೇಕು. ಆದರೂ ಆ ಒಂದು ನಿರಾಕರಣೆಯಿಂದ ಮಗಳ ವರ್ಷಗಳು ಒಂದರ ಹಿಂದೊಂದು ವ್ಯರ್ಥವಾಗಿ ಕಳೆದುವು. ಆಕೆಯು ಬೆಳಗಿನ ಜಾವದಲ್ಲಿ ಎದ್ದು ಆಸ್ಪತ್ರೆಗಳ ವರದಿಗಳನ್ನು ಗುಟ್ಟಾಗಿ ಓದಿ, ಟಿಪ್ಪಣಿ ಬರೆದುಕೊಂಡು, ಹಗಲೆಲ್ಲ ಅತಿಥಿಗಳ ಉಪಚಾರದಲ್ಲಿ ಕಾಲಹರಣ ಮಾಡಬೇಕಾಯಿತು. ತಾನು ಮೆಚ್ಚಿದ ಒಬ್ಬ ಯೋಗ್ಯನನ್ನು ಮದುವೆಯಾಗಲು ಸಹ 1849ರಲ್ಲಿ ಒಪ್ಪಲಿಲ್ಲ.

ಕಡೆಗೆ 1851ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರನು ಸ್ಥಾಪಿಸಿದ್ದ ಧರ್ಮಸೇವಿಕೆಯರ ಮಠದಲ್ಲಿ ಸುಮಾರು ಮೂರು ತಿಂಗಳು ಶಿಕ್ಷಣವನ್ನು ಹೊಂದಿದಳು. ತರುವಾಯ 1853ರಲ್ಲಿ ಲಂಡನ್ನಿನಲ್ಲಿ ಅಸ್ವಸ್ಥರಾದ ಸ್ತ್ರೀಯರ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯನ್ನು ಸಂಬಳವಿಲ್ಲದೆ ವಹಿಸಿಕೊಂಡಳು. ತಂದೆಯು ಮನಸ್ಸು ಕರಗಿ ವರ್ಷಕ್ಕೆ 500 ಪೌಂಡುಗಳನ್ನು ಆಕೆಯ ಖರ್ಚಿಗೆ ಗೊತ್ತುಮಾಡಿದನು.

ಮಾರನೆಯ ವರ್ಷ, 1854ರಲ್ಲಿ, ಇಂಗ್ಲೆಂಡೂ ಫ್ರಾನ್ಸೂ ತುರ್ಕಿಯ ಪಕ್ಷವನ್ನು ವಹಿಸಿ ರಷ್ಯದ ಮೇಲೆ ಯುದ್ಧಕ್ಕೆ ಹೊರಟುವು. ಕ್ರಿಮಿಯಾದಲ್ಲಿ ಗಾಯಗೊಂಡ ಇಂಗ್ಲಿಷ್ ಸಿಪಾಯಿಗಳನ್ನು ಹಡಗಿನಲ್ಲಿ ಕಪ್ಪು ಸಮುದ್ರವನ್ನು ದಾಟಿಸಿ ಸ್ಕುಟಾರಿಗೆ ತರುತ್ತಿದ್ದರು. ಇದು ಇಂದು ಇಸ್ತಾಂಬುಲ್ ಎನಿಸಿಕೊಂಡಿರುವ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಎದುರಾಗಿ, ಕಡಲ ಕಾಲುವೆಯ ಆಚೆಯ ದಡದಲ್ಲಿದೆ. ಅಲ್ಲಿ ಗಾಯ ಕಟ್ಟುವುದಕ್ಕೆ ಬಟ್ಟೆಯಿಲ್ಲ, ನೋಡುವುದಕ್ಕೆ ಜನರಿಲ್ಲ ಎಂಬ ವಾರ್ತೆಯನ್ನು ಟೈಮ್ಸ್ ಪತ್ರಿಕೆಯು ಪ್ರಕಟಿಸಲಾಗಿ ದೇಶವೆಲ್ಲ ಕಳವಳಗೊಂಡಿತು. ಹೋಗಲು ಸಿದ್ಧಳಿದ್ದೇನೆಂದು ಫ್ಲಾರೆನ್ಸಳು ಬರೆದ ಪತ್ರವೂ, ಹೋಗಬೇಕೆಂದು ಬೇಡಿಕೊಂಡು ಮಂತ್ರಿ ಸಿಡ್ನಿ ಹರ್ಬರ್ಟನು ಆಕೆಗೆ ಬರೆದ ಪತ್ರವೂ ದಾರಿಯಲ್ಲಿ ಒಂದನ್ನೊಂದು ಹಾದುಹೋದುವು. ಕೆಲವೇ ದಿನಗಳೊಳಗಾಗಿ, ಅಕ್ಟೋಬರ್ 21ರಂದು, ಆಕೆಯು 38 ಮಂದಿ ಸ್ತ್ರೀಯರೊಡನೆ ಹೊರಟಳು. ಅವರಲ್ಲಿ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರು, 14 ಮಂದಿ ಆಂಗ್ಲಿಕನ್ ಸಹೋದರಿಯರು, ಉಳಿದ 14 ಮಂದಿ ಕೂಲಿಗೆ ದುಡಿಯುವ ಆಸ್ಪತ್ರೆಯ ದಾದಿಯರು. ಅವಸರದಲ್ಲಿ ಹೊಲಿಸಿದ ಬೂದು ಬಣ್ಣದ ಉಡುಪು ಒಬ್ಬರಿಗೂ ಸರಿಹೊಂದಲಿಲ್ಲ. ಬಿಳಿಯ ಟೋಪಿಯು ತನ್ನ ಮುಖಕ್ಕೆ ಒಪ್ಪುವುದಿಲ್ಲವೆಂದು ಒಬ್ಬ ದಾದಿಯು ದೂರನ್ನೇ ತಂದಳಂತೆ. ಸಮವಸ್ತ್ರದ ವಿಷಯದಲ್ಲಿ ನಮ್ಮ ಶಾಲೆಯ ಹುಡುಗಿಯರು ಆಡುವ ಮಾತುಗಳು ಹೊಸವಲ್ಲವೆಂದು ಇದರಿಂದ ತಿಳಿಯಬಹುದು.

ಮಾರ್ಸೇಲ್ಸಿನಿಂದ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿತು. ಫ್ಲಾರೆನ್ಸಳು ಕಡಲಬೇನೆಯಿಂದ ನಿತ್ರಾಣಳಾದಳು. ನವೆಂಬರ್ 4ರಂದು ಸ್ಕುಟಾರಿಯನ್ನು ಮುಟ್ಟಿದಾಗ ಅವರ ಕಣ್ಣಿಗೆ ಬಿದ್ದದ್ದು ತುರ್ಕರ ಸೈನ್ಯದ ಒಂದು ಮಹಾ ಕಟ್ಟಡ. ಅದನ್ನೇ ಆಸ್ಪತ್ರೆಯನ್ನಾಗಿ ಮಾಡಿದ್ದರು. ಹೊರಗಿನಿಂದ ಅರಮನೆಯಂತಿದ್ದ ಅದರ ತಳದಲ್ಲಿ ಕಟ್ಟಿಕೊಂಡ ಮೋರಿಗಳು, ಒಳಗೆ ಇಲಿ ಹೇನುಗಳು, ಉದ್ದಕ್ಕೂ ರೋಗಿಗಳ ಸಾಲುಗಳು. ಸುಮಾರು 40 ಮಂದಿ ಸ್ತ್ರೀಯರಿಗೆ ಒಂದು ಮೂಲೆಯ ಗೋಪುರದಲ್ಲಿ ಕೆಲವೇ ಕೊಠಡಿಗಳು ದೊರೆತುವು. ಮೇಜು ಕುರ್ಚಿಗಳಿಲ್ಲ, ಒಲೆಯ ಅನುಕೂಲವಿಲ್ಲ. ಕುಡಿಯುವುದಕ್ಕೂ ತೊಳೆಯುವುದಕ್ಕೂ ಸೇರಿ ತಲೆಗೆ ದಿನಕ್ಕೆ ಒಂದು ಪಿಂಟ್, ಎಂದರೆ ಅರ್ಧ ಸೇರಿಗಿಂತ ತುಸು ಹೆಚ್ಚು ನೀರು. ತಗಡಿನ ಬೋಗುಣಿಗಳಲ್ಲಿ ಹಾಲಿಲ್ಲದ ಚಹವನ್ನು ಕುಡಿದು ಮೊದಲನೆಯ ರಾತ್ರಿಯನ್ನು ಕಳೆದರು.

ಇದಕ್ಕಿಂತಲೂ ಕಠಿನವಾದದ್ದು ಮರುದಿನ ಕಾದಿತ್ತು. ಸೈನ್ಯದ ವೈದ್ಯರಿಗೆ ಈ ಸ್ತ್ರೀಯರು ಬೇಕಾಗಿರಲಿಲ್ಲ. ಮೇಲಿನವರ ಗೂಢಚಾರಿಣಿಯರೆಂದು ಕೆಲವರು, ಕೈಗೆ ಅಡ್ಡಬರುವ ಸುಕುಮಾರಿಯರೆಂದು ಕೆಲವರು ಭಾವಿಸಿದರು. ಮಂತ್ರಿಯ ಆಜ್ಞಾಪತ್ರವು ತನ್ನ ಬಳಿಯಿದ್ದರೂ ಫ್ಲಾರೆನ್ಸಳು ಅದನ್ನು ಮುಂದೊಡ್ಡಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ತನ್ನ ಸಂಗಡಿಗರಿಗೆ ಕಟ್ಟಪ್ಪಣೆ ಮಾಡಿದಳು. ನರಳಾಟವು ಕಿವಿಗೆ ಬೀಳುತ್ತಿರುವಾಗ ಅವರು ಕೊಠಡಿಯಲ್ಲಿ ಕುಳಿತು ಹಳೆಯ ಬಟ್ಟೆಗಳನ್ನು ವಿಂಗಡಿಸುತ್ತಲೂ, ಪಟ್ಟಿಗಳನ್ನು ಹೊಲಿಯುತ್ತಲೂ, ಹಾಸಿಗೆಗಳಿಗೆ ಹುಲ್ಲನ್ನು ತುಂಬುತ್ತಲೂ ಇದ್ದರು. ಹಲವರು ಅತ್ತರು; ನಾಯಕಿಯ ಹೃದಯವು ಕಲ್ಲೆಂದರು. ಆದರೆ ನಂಬಿಕೆಯನ್ನು ಬಲವಂತದಿಂದ ಪಡೆಯಲಾಗದೆಂದು ಆಕೆಗೆ ತಿಳಿದಿತ್ತು. ಕೆಲವೇ ದಿನಗಳಲ್ಲಿ ಬಾಲಕ್ಲಾವದಿಂದ ರೋಗಿಗಳು ಪ್ರವಾಹದಂತೆ ಬಂದು ಇಳಿದರು. ನವೆಂಬರ್ 14ರ ಚಂಡಮಾರುತದಲ್ಲಿ ಚಳಿಗಾಲದ ಉಡುಪುಗಳನ್ನು ಹೊತ್ತ ಹಡಗು ಮುಳುಗಿ, ಸೈನ್ಯದ ದುರವಸ್ಥೆಯು ಇಮ್ಮಡಿಸಿತು. ಆಗ ವೈದ್ಯರು ತಾವಾಗಿಯೇ ಆಕೆಯ ಬಾಗಿಲಿಗೆ ಬಂದರು.

ಅಂದಿನಿಂದ ಆಕೆಯ ದಿನಚರ್ಯೆಯು ಒಂದು ದೊಡ್ಡ ಮನೆಯ ಯಜಮಾನಿಯ ದಿನಚರ್ಯೆಯಂತಾಯಿತು. ನೆಲ ತಿಕ್ಕುವ ಕುಂಚಗಳನ್ನು ಕೊಂಡು ತರಿಸಿದಳು. ರೋಗಿಗಳ ಮಾಂಸವನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸುತ್ತಿದ್ದರು. ತಮ್ಮ ತಮ್ಮ ಪಾಲಿನ ಗುರುತಿಗಾಗಿ ಆಳುಗಳು ಅದಕ್ಕೆ ಗುಂಡಿಯನ್ನೋ ಚಿಂದಿಯನ್ನೋ ಕಟ್ಟಿ ಅದರಲ್ಲಿಯೇ ಹಾಕುವರು. ಒಂದು ತುಂಡು ಹಸಿ, ಇನ್ನೊಂದು ಸೀದದ್ದು. ಆಕೆಯು ಬೇರೆ ಅಡಿಗೆಮನೆಗಳನ್ನು ಏರ್ಪಡಿಸಿ, ನಿತ್ರಾಣರಿಗೆ ಗಂಜಿ, ಸಾರು ಮುಂತಾದ ಪಥ್ಯವನ್ನು ಹೊತ್ತಿಗೆ ಸರಿಯಾಗಿ ಕೊಡಿಸಿದಳು. ಹತ್ತಿರದಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ನೀರು ಕಾಯಿಸುವ ಹಂಡೆಗಳನ್ನು ಹೂಡಿಸಿ, ಕಟ್ಟಡದ ನೆಲಮಾಳಿಗೆಯಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಸಿಪಾಯಿಗಳ ಹೆಂಡಂದಿರಿಗೆ ಬಟ್ಟೆ ಒಗೆಯುವ ಕೆಲಸವನ್ನು ಕೂಲಿ ಕೊಟ್ಟು ಒಪ್ಪಿಸಿದಳು. ಅಂಗಿ, ಚಮಚ, ತಟ್ಟೆ, ಸಾಬೂನು ಇವುಗಳ ಲೆಕ್ಕವನ್ನು ತಾನೇ ಬರೆದಿಟ್ಟಳು. ರಾತ್ರಿ ಎಂಟರ ಮೇಲೆ ಬೇರೆ ಯಾವ ಸ್ತ್ರೀಯೂ ರೋಗಿಗಳ ಕಡೆಗೆ ಹೋಗಕೂಡದೆಂಬ ನಿಯಮವನ್ನು ಮಾಡಿ, ತಾನೊಬ್ಬಳೇ ತುರ್ಕರ ಮಡಚುವ ಲಾಂದ್ರವನ್ನು ಹಿಡಿದು, ಆ ಉದ್ದವಾದ ಸಾಲುಗಳನ್ನು ಸುತ್ತಿಬರುವಳು. ಅನಂತರ ಸತ್ತವರ ಮನೆಗಳಿಗೆ ಕಾಗದಗಳನ್ನು ಬರೆಯುವಳು. ಸಿಪಾಯಿಗಳು ಸಂಬಳವನ್ನು ಕುಡಿದು ಕಳೆಯುವುದನ್ನು ಕಂಡು, ಅದನ್ನು ಮನೆಗೆ ಕಳುಹಿಸುವ ಏರ್ಪಾಡಿಗೂ, ಓದುವ ಕೊಠಡಿಗಳಿಗೂ ತಾನೇ ಮುಂದಾದಳು.

ಆಕೆಯಲ್ಲಿ ದೋಷಗಳೇ ಇರಲಿಲ್ಲವೆಂದು ನಾವು ಬರೆಯುವುದಿಲ್ಲ. ಕೋಪವು ಬೇಗ ಬರುತ್ತಿತ್ತು. ತನ್ನ ಅಪ್ಪಣೆಯಿಲ್ಲದೆ ಅದೇ ಡಿಸೆಂಬರಿನಲ್ಲಿ ಇನ್ನೂ 46 ಮಂದಿ ಸ್ತ್ರೀಯರನ್ನು ಕಳುಹಿಸಿದರೆಂದು ಮಂತ್ರಿಗೆ ಬಹಳ ಖಾರವಾಗಿ ಬರೆದಳು. ಒಟ್ಟಿಗೆ ದುಡಿದವರ ಮೇಲೆ ಕೆಲವೊಮ್ಮೆ ಕಠಿನವಾದ ತೀರ್ಪನ್ನು ಮಾಡಿದಳು.

ಇಷ್ಟೆಲ್ಲ ಮಾಡಿಯೂ ಆ ಚಳಿಗಾಲದಲ್ಲಿ ಸಾವು ಕಡಮೆಯಾಗಲಿಲ್ಲ, ಹೆಚ್ಚಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 42 ಮಂದಿ ತೀರಿಹೋದರು. ಗಾಯಕ್ಕಿಂತ ಭೇದಿ, ವಿಷಮಜ್ವರ, ಕಾಲರಾಗಳೇ ಅವರನ್ನು ನುಂಗಿದುವು. ಮಾರ್ಚ್ ತಿಂಗಳಲ್ಲಿ ಲಂಡನ್ನಿನಿಂದ ಆರೋಗ್ಯ ನಿರೀಕ್ಷಕರ ಒಂದು ಮಂಡಲಿಯು ಬಂದಿತು. ಅವರು ಮೋರಿಗಳನ್ನು ತೆಗೆಯಿಸಿ, ಸತ್ತ ಪ್ರಾಣಿಗಳನ್ನು ಹೂಳಿಸಿ, ನೀರಿನ ಕಾಲುವೆಯನ್ನು ಶುದ್ಧಮಾಡಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿಗೆ ದಾರಿಮಾಡಿಸಿದರು. ಜೂನ್ ತಿಂಗಳಷ್ಟರಲ್ಲಿ ಸಾವು ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಆ ಮೇ ತಿಂಗಳಲ್ಲಿಯೇ ಫ್ಲಾರೆನ್ಸಳು ಬಾಲಕ್ಲಾವಕ್ಕೆ ಹೋಗಿ, ಜ್ವರ ತಗಲಿ, ಸಾಯುವ ಸ್ಥಿತಿಗೆ ಬಂದು ಉಳಿದಳು. ಊರಿಗೆ ಮರಳೆಂದು ಎಲ್ಲರೂ ಹೇಳಿದರೂ, ಯುದ್ಧವು ಮುಗಿದು ಕಡೆಯ ರೋಗಿಗಳು ಹೊರಡುವ ತನಕ ಆಕೆಯು ಅಲ್ಲಿಂದ ಕದಲಲಿಲ್ಲ. 1856ರ ಆಗಸ್ಟಿನಲ್ಲಿ, ದೇಶವೇ ಮೆರವಣಿಗೆಗೆ ಸಿದ್ಧವಾಗಿದ್ದಾಗ, ಸ್ಮಿತ್ ಎಂಬ ಹೆಸರಿನಲ್ಲಿ ಗುಟ್ಟಾಗಿ ಪ್ರಯಾಣಮಾಡಿ, ರೈಲು ನಿಲ್ದಾಣದಿಂದ ನಡೆದುಕೊಂಡು ತಂದೆಯ ಮನೆಯನ್ನು ಸೇರಿದಳು.

ನಮ್ಮ ಎಣಿಕೆಯಲ್ಲಿ ಆಕೆಯ ಜೀವಿತದ ಅತ್ಯಂತ ದೊಡ್ಡ ಕಾರ್ಯವು ಇದರ ಮೇಲೆ ನಡೆಯಿತು. ಉಪವಾಸದಿಂದಲೂ ಅತಿಶ್ರಮದಿಂದಲೂ ಸೊರಗಿ ಬಂದದ್ದರಿಂದಲೇ ಸಿಪಾಯಿಗಳು ಸತ್ತರೆಂದು ಆಕೆಯು ಅದುವರೆಗೆ ಬಲವಾಗಿ ನಂಬಿದ್ದಳು. 1857ರಲ್ಲಿ ಲೆಕ್ಕಶಾಸ್ತ್ರ ಪಂಡಿತನಾದ ವಿಲಿಯಂ ಫಾರನ ಸಹಾಯದಿಂದ ಅಂಕಿಗಳನ್ನು ಜೋಡಿಸಿ ನೋಡಿದಾಗ, ತನ್ನ ಆಸ್ಪತ್ರೆಯಲ್ಲಿಯ ಹೊಲಸೂ ಜನಸಂದಣಿಯೂ ಕೆಟ್ಟ ಗಾಳಿಯೂ ಸಾವಿರಾರು ಮಂದಿಯ ಸಾವಿಗೆ ಕಾರಣವಾದುವೆಂದು ಕಂಡಿತು. ತಾನು ರಾತ್ರಿಯೆಲ್ಲ ದೀಪ ಹಿಡಿದು ನಡೆದ ನೆಲದ ಕೆಳಗೇ ಆ ಮೃತ್ಯುವಿತ್ತು. ತಾನು ಅದನ್ನು ಅರಿಯಲಿಲ್ಲ. ಬೇರೊಬ್ಬರಾಗಿದ್ದರೆ ಲೋಕದ ಹೊಗಳಿಕೆಯನ್ನು ಹೊದ್ದುಕೊಂಡು ಸುಮ್ಮನಿರುತ್ತಿದ್ದರು. ಆಕೆಯಾದರೋ 1858ರಲ್ಲಿ ಆ ಅಂಕಿಗಳನ್ನೆಲ್ಲ ಬಣ್ಣದ ಚಿತ್ರಗಳೊಡನೆ ಅಚ್ಚುಮಾಡಿಸಿ ಅಧಿಕಾರಿಗಳ ಕೈಗೆ ಕೊಟ್ಟು, ಸೈನ್ಯದ ವಸತಿಗಳನ್ನೂ ಆಸ್ಪತ್ರೆಗಳನ್ನೂ ತಿದ್ದಿಸುವುದಕ್ಕೆ ಹಟಹಿಡಿದಳು. ಅದೇ ಕಾಲದಿಂದ ಆರೋಗ್ಯವು ಕುಸಿದು ಬಹುಕಾಲ ಹಾಸಿಗೆಯಲ್ಲಿಯೇ ಇರಬೇಕಾದರೂ ಲೇಖನಿಯನ್ನು ಕೆಳಗಿಡಲಿಲ್ಲ. ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯು ತೆರೆಯಿತು. ನಮ್ಮ ದೇಶಕ್ಕೆ ಎಂದೂ ಬಾರದಿದ್ದರೂ, ಇಲ್ಲಿಯ ದಂಡುಗಳ ಆರೋಗ್ಯದ ವಿಷಯವಾಗಿ 1863ರಲ್ಲಿ ಹೊರಟ ವರದಿಗಾಗಿ ಆಕೆಯು ಪಟ್ಟ ಶ್ರಮವು ಅಪಾರ. ಮುಂದೆ ನಮ್ಮ ಹಳ್ಳಿಗಳ ನೀರು, ಚರಂಡಿ, ಕ್ಷಾಮಗಳನ್ನು ಕುರಿತೂ ಬರೆಯುತ್ತಲೇ ಇದ್ದಳು.

1910ನೇ ಇಸವಿಯ ಆಗಸ್ಟ್ 13ರಂದು, 90 ವರ್ಷದವಳಾಗಿ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರಿನ ದೇವಾಲಯದಲ್ಲಿ ಹೂಳಬೇಕೆಂದು ಬಂದ ಸೂಚನೆಯನ್ನು ಮನೆಯವರು ಒಪ್ಪಲಿಲ್ಲ. ಹ್ಯಾಂಪ್‌ಷೈರಿನ ಒಂದು ಹಳ್ಳಿಯ ಗುಡಿಯಂಗಳದಲ್ಲಿ ಆಕೆಯ ಸಮಾಧಿಯಿದೆ. ಅದರ ಮೇಲೆ ಹೆಸರಿನ ಎರಡು ಮೊದಲಕ್ಷರಗಳೂ, ಹುಟ್ಟಿದ ಮತ್ತು ಸತ್ತ ತಾರೀಖುಗಳೂ ಮಾತ್ರ ಇವೆ. ಆಕೆಯ ಜನ್ಮದಿನವನ್ನು ಇಂದು ಲೋಕವೆಲ್ಲ ದಾದಿಯರ ದಿನವೆಂದು ಆಚರಿಸುತ್ತದೆ.

ಪ್ರಿಯ ಪೋಷಕರೇ, ಮಗಳು ದೂರ ಹೋಗುವೆನೆಂದಾಗ ನಿಮಗೆ ಭಯವಾಗುವುದು ಸಹಜ. ಭಯವನ್ನು ಹೇಳಿರಿ, ಆದರೆ ಆ ಭಯಕ್ಕಾಗಿ ಆಕೆಯ ವರ್ಷಗಳನ್ನು ಕಟ್ಟಿಹಾಕಬೇಡಿರಿ. ಪರದೇಶದಲ್ಲಿರುವ ನಮ್ಮ ಮಕ್ಕಳೇ, ಮೊದಲನೆಯ ತಿಂಗಳಲ್ಲಿ ನಿಮ್ಮ ಪಾಲಿಗೆ ಬರೇ ಬಟ್ಟೆ ಮಡಚುವ ಕೆಲಸವು ಬಂದರೆ ಅದನ್ನು ಚೆನ್ನಾಗಿ ಮಡಚಿರಿ. ಬಾಗಿಲು ತೆರೆಯುವ ದಿನವು ಬರುವುದು. ತೆರೆದ ಮೇಲೆ, ಜನರು ನಿಮ್ಮನ್ನು ಹೊಗಳುತ್ತಿರುವಾಗಲೂ, ಕಾಲಕೆಳಗಿನ ಮೋರಿಯನ್ನು ಒಮ್ಮೆ ನೋಡಿರಿ. ತಪ್ಪು ಕಂಡರೆ ಮರೆಮಾಡದೆ ಬರೆದಿಡಿರಿ. ನಿಮ್ಮ ಪತ್ರಗಳಿಗಾಗಿ ನಾವು ಇಲ್ಲಿ ಕಾದಿರುತ್ತೇವೆ.