ಒಟ್ಟೋ ಲೋವಿ ಕಂಡ ಕನಸು

ಒಟ್ಟೋ ಲೋವಿ 1873ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ಅವರಿಗೆ ಕಲೆಯ ಇತಿಹಾಸ ಓದುವ ಆಸೆಯಿತ್ತು. ಮನೆಯವರ ಮಾತಿಗೆ ಒಪ್ಪಿ ವೈದ್ಯಕೀಯಕ್ಕೆ ಸೇರಿದರು. (ನಮ್ಮ ಸೈನ್ಸ್ ವಿಭಾಗದಲ್ಲೂ ಇಂಥವರಿದ್ದಾರೆ!) 1909ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಪ್ರಾಧ್ಯಾಪಕರಾದರು.

ನರದ ಸಂದೇಶ ಮುಂದಿನ ಅಂಗಕ್ಕೆ ದಾಟುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂದು ಆಗ ದೊಡ್ಡ ವಾದ ನಡೆದಿತ್ತು. ಒಂದು ರಾತ್ರಿ ಲೋವಿಗೆ ಕನಸಿನಲ್ಲಿ ಒಂದು ಪ್ರಯೋಗ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದರು. ಬೆಳಿಗ್ಗೆ ತಮ್ಮ ಅಕ್ಷರ ತಮಗೇ ಓದಲಾಗಲಿಲ್ಲ. ಮರುರಾತ್ರಿ ಅದೇ ಕನಸು ಬಿತ್ತು. ಈ ಸಲ ಚೀಟಿಯನ್ನು ನಂಬದೆ ನೇರ ಪ್ರಯೋಗಾಲಯಕ್ಕೆ ಹೋದರು. ಎರಡು ಕಪ್ಪೆಗಳ ಹೃದಯಗಳನ್ನು ದ್ರವದಲ್ಲಿಟ್ಟರು. ಒಂದರ ವೇಗಸ್ ನರವನ್ನು ಪ್ರಚೋದಿಸಿದಾಗ ಬಡಿತ ನಿಧಾನವಾಯಿತು. ಅದರ ದ್ರವವನ್ನು ಇನ್ನೊಂದಕ್ಕೆ ಹಾಕಿದಾಗ, ನರ ಮುಟ್ಟದೆಯೇ ಅದೂ ನಿಧಾನವಾಯಿತು. 1921ರಲ್ಲಿ ಇದು ಪ್ರಕಟವಾಯಿತು. ಆ ವಸ್ತುವೇ ಅಸಿಟೈಲ್‌ಕೋಲಿನ್.

ಮುಂದೆ 1926ರಲ್ಲಿ ಲೋವಿ ಮತ್ತು ನವ್ರಾತಿಲ್ ಇನ್ನೊಂದು ವಿಷಯ ತೋರಿಸಿದರು. ಈ ವಸ್ತುವನ್ನು ಒಂದು ಕಿಣ್ವ ಒಡೆದುಹಾಕುತ್ತದೆ, ಎಸೆರಿನ್ ಎಂಬ ಔಷಧಿ ಆ ಕಿಣ್ವವನ್ನು ತಡೆಯುತ್ತದೆ. ನನಗೆ ಕನಸಿಗಿಂತ ಇದೇ ದೊಡ್ಡದೆನಿಸುತ್ತದೆ.

ನಮ್ಮ ಕೈಕಾಲಿನ ಸ್ನಾಯುಗಳಲ್ಲೂ ಇದೇ ವಸ್ತು ಕೆಲಸ ಮಾಡುತ್ತದೆಂದು ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಸಂಗಡಿಗರು 1936ರಲ್ಲಿ ತೋರಿಸಿದರು. ನರದ ತುದಿಯಿಂದ ಹೊರಬಂದ ಅಸಿಟೈಲ್‌ಕೋಲಿನ್ ಸ್ನಾಯುವಿನ ಗ್ರಾಹಕಕ್ಕೆ ಅಂಟಿದಾಗ ಬಾಗಿಲು ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಿನಲ್ಲೇ ಕಿಣ್ವ ಅದನ್ನು ಒಡೆಯುತ್ತದೆ. ಉಳಿದ ಕೋಲಿನ್ ಮತ್ತೆ ನರದೊಳಗೆ ಹೋಗುತ್ತದೆ. ಕಾಮರ್ಸ್ ಭಾಷೆಯಲ್ಲಿ, ಹಳೇ ಲೆಕ್ಕ ಚುಕ್ತಾ ಆಗದೆ ಹೊಸ ವ್ಯವಹಾರವಿಲ್ಲ.

ಕಾಮರ್ಸ್‌ನವಳಿಗೆ ಇದೇಕೆ ಬೇಕಿತ್ತು ಎನ್ನುತ್ತೀರಾ? ನನ್ನ ಖಾಲಾಗೆ ಮೈಸ್ತೇನಿಯಾ ಗ್ರೇವಿಸ್ ಇದೆ. ಸಂಜೆಯಾದರೆ ರೆಪ್ಪೆ ಜೋಲುತ್ತದೆ, ರೊಟ್ಟಿ ಅಗಿಯಲೂ ಸುಸ್ತು. ನೆಂಟರು ಬಹಳ ದಿನ ಸೋಮಾರಿತನ ಎಂದೇ ಹೇಳುತ್ತಿದ್ದರು. ಅವರ ದೇಹದ ಪ್ರತಿಕಾಯಗಳೇ ಆ ಗ್ರಾಹಕಗಳನ್ನು ಹಾಳುಮಾಡುತ್ತಿವೆ. ಅವರು ನುಂಗುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಕಿಣ್ವವನ್ನು ತಡೆಯುತ್ತದೆ. ಇದ್ದಷ್ಟು ಅಸಿಟೈಲ್‌ಕೋಲಿನ್ ಸ್ವಲ್ಪ ಹೆಚ್ಚು ಹೊತ್ತು ಉಳಿಯುತ್ತದೆ. ರೋಗ ಹೋಗುವುದಿಲ್ಲ, ಆದರೆ ಊಟ ಮಾಡಬಹುದು.

1936ರಲ್ಲಿ ಲೋವಿ ಮತ್ತು ಡೇಲ್‌ರಿಗೆ ನೊಬೆಲ್ ಬಂತು. 1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದಾಗ, ಯಹೂದಿ ಎಂಬ ಕಾರಣಕ್ಕೆ ಲೋವಿ ಜೈಲು ಸೇರಿದರು. ತನ್ನನ್ನು ಕೊಲ್ಲುತ್ತಾರೆಂಬ ಭಯದಲ್ಲೂ ಕೊನೆಯ ಪ್ರಯೋಗದ ಫಲಿತಾಂಶವನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿದರು. ದೇಶ ಬಿಡಬೇಕಾದರೆ ಸ್ಟಾಕ್‌ಹೋಮ್‌ನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಕೈಯಲ್ಲಿದ್ದ ಬ್ಯಾಂಕಿಗೆ ವರ್ಗಾಯಿಸಬೇಕಾಯಿತು. 1940ರಲ್ಲಿ ಅಮೆರಿಕ ಸೇರಿ, ನ್ಯೂಯಾರ್ಕ್‌ನಲ್ಲಿ ಮತ್ತೆ ಪಾಠ, ಸಂಶೋಧನೆ ಶುರುಮಾಡಿದರು. ಆಗ ಅವರಿಗೆ ಅರವತ್ತೇಳು ವರ್ಷ. 1961ರ ಡಿಸೆಂಬರ್ 25ರಂದು ಅಲ್ಲೇ ತೀರಿಕೊಂಡರು.